‘ಸಫರ್’ ಎಂಬ ಕ್ರಿಯಾಪದ

ಬಾಲಿಕೆಯರು ರಜೆಯ ಅರ್ಜಿಯನ್ನು ಬರೆಯಲು ಕಲಿತೊಡನೆಯೇ ಆಂಗ್ಲ ಭಾಷೆಯ ‘ಸಫರ್’ ಎಂಬ ಕ್ರಿಯಾಪದವು ಅವರ ಕೈಸೇರುವುದು. ಜ್ವರದಿಂದ ನರಳುತ್ತಿರುವೆನೆಂದು ಬರೆಯುವಾಗ ಅದರೊಡನೆ ‘ಫ್ರಮ್’ ಸೇರಲೇಬೇಕು. ನಷ್ಟ, ಸೋಲು, ಗಾಯಗಳಿಗೆ ಅದು ಬೇಡ. ವ್ಯಾಕರಣವು ಇಷ್ಟೇ.

ಶಬ್ದದ ಚರಿತ್ರೆಯಾದರೋ ದೊಡ್ಡದು. ಅದರ ಲ್ಯಾಟಿನ್ ಮೂಲಕ್ಕೆ ಭಾರವನ್ನು ಕೆಳಗಿನಿಂದ ಹೊರುವುದೆಂದು ಅರ್ಥ. ಹೊರುವುದರಿಂದ ಸಹಿಸುವುದು, ಸಹಿಸುವುದರಿಂದ ಅಡ್ಡಿಮಾಡದೆ ಬಿಡುವುದು, ಹೀಗೆ ಅರ್ಥವು ಬೆಳೆಯಿತು. 1611ರ ಆಂಗ್ಲ ಬೈಬಲಿನಲ್ಲಿ, ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ, ಮಕ್ಕಳನ್ನು ತಡೆದ ಶಿಷ್ಯರಿಗೆ ಕ್ರಿಸ್ತನು ಹೇಳಿದ ಮಾತಿನಲ್ಲಿ ಇದೇ ಶಬ್ದವುಂಟು. ಅಲ್ಲಿ ಅದಕ್ಕೆ ಬರಗೊಡಿಸುವುದೆಂಬ ಅರ್ಥ. ಈ ಅರ್ಥವು ಈಗ ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿರುವುದರಿಂದ, ಇದನ್ನರಿಯದ ಬಾಲಿಕೆಯು ಮಕ್ಕಳಿಗೆ ಸಂಕಟವನ್ನೇ ವಿಧಿಸಿದೆಯೆಂದು ಬೆದರಿಯಾಳು!

ನಮ್ಮ ‘ತಾಳು’ ಎಂಬುದೂ ಇದರ ನೆಂಟನೇ. ಅದು ಸಹಿಸೆಂದೂ ಹೇಳುವುದು, ಕಾದಿರೆಂದೂ ಹೇಳುವುದು. ಗಂಡನ ಮನೆಯಿಂದ ಅತ್ತುಕೊಂಡು ಬಂದ ಮಗಳಿಗೆ ಹಿರಿಯರು ಹೇಳಿಕಳುಹಿಸುವುದು ಸಾಮಾನ್ಯವಾಗಿ ಈ ಒಂದೇ ಮಾತನ್ನು. ಅವಳು ಏತರಿಂದ ನರಳುತ್ತಿರುವಳೆಂದು, ರಜೆಯ ಅರ್ಜಿಯನ್ನೋದುವ ಉಪಾಧ್ಯಾಯಿನಿಯಂತೆ, ಮೊದಲು ವಿಚಾರಿಸುವವರು ಕಡಮೆ.