ಎದಿ ಧಸ್ ಅಂತದ್ರಿ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ನಿಂತರೆ ಐದು ಭಾಷೆ ಕಿವಿಗೆ ಬೀಳುತ್ತವೆ. ಬಳೆ ಅಂಗಡಿಯವನು ಒಬ್ಬಳ ಜೊತೆ ದಖ್ಖನಿ ಉರ್ದು ಮಾತಾಡಿದರೆ ಇನ್ನೊಬ್ಬಳ ಜೊತೆ ನಮ್ಮ ಕನ್ನಡ. ಸೇಡಂ ಕಡೆಯವರು ಬಂದರೆ ತೆಲುಗು, ಆಳಂದದವರಾದರೆ ಮರಾಠಿ. ತಾಂಡಾದ ಹೆಣ್ಣುಮಕ್ಕಳು ಬಂದರಂತೂ ‘ಯಾಡಿ’ ಎಂದು ಲಂಬಾಣಿಯಲ್ಲೇ ಕರೆದು ಕೂರಿಸುತ್ತಾನೆ. ಇದನ್ನು ಅವನಿಗೆ ಯಾವ ಶಾಲೆಯೂ ಕಲಿಸಿಲ್ಲ. ಮಾತು ತಿಳಿಯದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾಳೆ ಎಂಬ ಭಯವೇ ಅವನ ಗುರು.

ಆಸ್ಪತ್ರೆಗೆ ಆ ಭಯವಿಲ್ಲ. ಮನಸ್ಸಿನ ಕಾಯಿಲೆಯವರಿಗೆ ನಮ್ಮ ಕಡೆ ಪಕ್ಕದ ಅಂಗಡಿಯೂ ಇಲ್ಲ.

ನಮ್ಮ ಮಹಡಿಯ ಕೋಣೆಯಲ್ಲಿ ಪಿಯುಸಿ ವಿಜ್ಞಾನ ಓದುವ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಕಮಲಾಪುರದ ಹತ್ತಿರದ ತಾಂಡಾದವಳು. ಮನೆಯಲ್ಲಿ ಲಂಬಾಣಿ, ಹತ್ತನೆಯವರೆಗೆ ಕನ್ನಡ, ಈಗ ಕಾಲೇಜಿನಲ್ಲಿ ಇಂಗ್ಲಿಷ್. ಮೊದಲ ವರ್ಷದ ದೀಪಾವಳಿ ಕಳೆದ ಮೇಲೆ ಊಟ ಬಿಟ್ಟಳು. ರಾತ್ರಿಯೆಲ್ಲ ದೀಪ ಉರಿಯುತ್ತಿತ್ತು, ಪುಸ್ತಕದ ಪುಟ ಮಾತ್ರ ತಿರುಗುತ್ತಿರಲಿಲ್ಲ. ಭಾನುವಾರ ರೊಟ್ಟಿ ಬುತ್ತಿ ತಂದ ಅವಳ ತಾಯಿ ನನ್ನ ಬಳಿ ಬಂದು, “ಟೀಚರ್, ಇಕಿಗಿ ಗಾಳಿ ಬಡದದ ಅಂತ ನಮ್ಮ ಮಂದಿ ಅಂತಾರ. ತಾಯತ ಕಟ್ಟಸೀನ್ರಿ. ಇಕಿ ನೋಡಿದ್ರ ಎದಿ ಧಸ್ ಅಂತದ ಅಂತಾಳ” ಎಂದಳು.

ಒಂದು ಆಸ್ಪತ್ರೆಗೆ ತೋರಿಸಿದೆವು. ಎದೆ ಎಂದ ಕೂಡಲೇ ಇಸಿಜಿ ಆಯಿತು, ಏನೂ ಇಲ್ಲ ಎಂದಾಯಿತು, ಆ್ಯಸಿಡಿಟಿಯ ಮಾತ್ರೆ ಬಂತು. ಇನ್ನೊಬ್ಬ ಡಾಕ್ಟರು ಒಳ್ಳೆಯವರು, “ನಿನಗೆ ಖಿನ್ನತೆ ಅನ್ನಿಸುತ್ತದೆಯೇ?” ಎಂದು ಶುದ್ಧವಾದ ಕನ್ನಡದಲ್ಲಿ ಕೇಳಿದರು. ಹುಡುಗಿ “ಇಲ್ರಿ” ಎಂದಳು. ಖಿನ್ನತೆ ಎಂಬುದು ಪುಸ್ತಕದ ಶಬ್ದ. ನಮ್ಮ ಕಡೆಯ ಜನಕ್ಕೆ ಜೀವ ತಳಮಳ ಅಂತದ, ತಲಿ ಭಣಭಣ ಅಂತದ. ಉರ್ದು ಮನೆಗಳಲ್ಲಾದರೆ ‘ಜೀ ಘಬರಾರಾ’. ದುಃಖ ಎದೆಯಲ್ಲಿ, ಹೊಟ್ಟೆಯಲ್ಲಿ, ನೆತ್ತಿಯಲ್ಲಿ ಕೂತಿರುತ್ತದೆ. ಅದನ್ನು ಅಲ್ಲಿಂದ ಮಾತಾಡಿಸಿಯೇ ಹೊರಗೆ ತರಬೇಕು.

ಹೊರಗೆ ತಂದದ್ದು ಒಬ್ಬ ನರ್ಸ್, ಅವರೂ ತಾಂಡಾದಿಂದಲೇ ಬಂದವರು. ಹುಡುಗಿಯ ಪಕ್ಕ ಕೂತು ಲಂಬಾಣಿಯಲ್ಲಿ ಏನೋ ಕೇಳಿದರು. ರಾತ್ರಿ ಕಣ್ಣು ಮುಚ್ಚಿದಾಗ ಏನು ಕಾಣುತ್ತದೆ ಎಂದಂತೆ, ಆಮೇಲೆ ಹೇಳಿದರು. ಹುಡುಗಿ ಅರ್ಧ ಗಂಟೆ ಅತ್ತಳು. ತರಗತಿಯಲ್ಲಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲವಂತೆ. ಅಪ್ಪ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಕಟ್ಟಿದ ಫೀಸು ನೀರುಪಾಲು ಎಂಬ ಹೆದರಿಕೆ. ಇರೂದೇ ಬ್ಯಾಡ ಎಂಬಲ್ಲಿಗೆ ಮನಸ್ಸು ಮುಟ್ಟಿತ್ತು.

ಅಷ್ಟು ದಿನ ಅಪ್ಪನೋ ಅಣ್ಣನೋ ಜೊತೆಗಿದ್ದು ಅವಳ ಪರವಾಗಿ ಡಾಕ್ಟರಿಗೆ ಹೇಳುತ್ತಿದ್ದರು. ಫೀಸಿನ ಹೆದರಿಕೆಯನ್ನು ಫೀಸು ಕಟ್ಟಿದವನ ಬಾಯಿಂದಲೇ ಹೇಳಿಸುವುದು ಹೇಗೆ? ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ವಲಸೆ ಕುಟುಂಬಗಳಲ್ಲಿಯೂ ಇದೇ ಪಾಡು. ಶಾಲೆಗೆ ಹೋಗುವ ಮಕ್ಕಳೇ ತಾಯಿಯ ದುಃಖವನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ತಾಯಿ ಮಗುವಿನೆದುರು ಅರ್ಧ ನುಂಗಿಕೊಳ್ಳುತ್ತಾಳೆ. ಸ್ಪ್ಯಾನಿಷ್ ಬಲ್ಲ ಆಪ್ತಸಮಾಲೋಚಕರು ಅಲ್ಲಿ ಸಾಲದು. ಅದು ಸಿರಿವಂತ ದೇಶ, ಮತ್ತು ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಭಾಷೆ. ನಮ್ಮ ಲಂಬಾಣಿಯೋ, ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇಲ್ಲ. 2011ರ ಜನಗಣತಿಯಲ್ಲಿ ಅದನ್ನು ಹಿಂದಿಯ ಖಾತೆಗೆ ಜಮಾ ಮಾಡಿದ್ದಾರೆ!

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಹಳ್ಳಿಯ ವೈದ್ಯರಿಗೇ ಮನೋರೋಗದ ತರಬೇತಿ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ನಮ್ಮ ಬಳ್ಳಾರಿಯಲ್ಲೇ. ಅದನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯೇ ಇಲ್ಲದೆ ಇದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ, ರೋಗಿಯ ಒಪ್ಪಿಗೆ ಪಡೆಯುವ ಮುನ್ನ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎನ್ನುತ್ತದೆ. ಕಾನೂನು ಚೆನ್ನಾಗಿದೆ, ವಿವರಿಸುವವರು ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಈ ಸಂಖ್ಯೆ ಪ್ರತಿ ಮಗುವಿನ ನೋಟುಬುಕ್ಕಿನ ಹಿಂದೆ ಇರಲಿ. ಮನಸ್ಸಿನ ಡಾಕ್ಟರು ಎಂದ ಕೂಡಲೇ “ಧಾರವಾಡಕ್ಕೆ ಕಳಸ್ತೀರೇನ್ರಿ?” ಎಂದು ಬೆಚ್ಚುವ ತಂದೆತಾಯಿಯರು ಈಗಲೂ ಇದ್ದಾರೆ. ಧಾರವಾಡವೆಂದರೆ ಪೇಢೆ ಮತ್ತು ಹುಚ್ಚಾಸ್ಪತ್ರೆ, ಇಷ್ಟೇ ಅವರ ಭೂಗೋಳ. ಫೋನಿಗೆ ಧಾರವಾಡದ ಭಯವಿಲ್ಲ.

ಇಷ್ಟಾದರೂ ಬಳೆ ಅಂಗಡಿಯವನ ವಿದ್ಯೆ ಫೋನಿಗೆ ಪೂರ್ತಿ ಬರುವುದಿಲ್ಲ. ತಾಂಡಾದ, ಮೊಹಲ್ಲಾದ ಮಕ್ಕಳೇ ಮನಶ್ಶಾಸ್ತ್ರವನ್ನೋ ಎಂ.ಎಸ್.ಡಬ್ಲ್ಯು.ವನ್ನೋ ಓದಿ ಬಂದು ಕೂರಬೇಕು. ಆದರೆ ಪಿಯುಸಿ ಮಕ್ಕಳ ತಂದೆತಾಯಿಯರ ಮುಂದೆ ಹೀಗೆಂದು ನೋಡಿ: “ಅದನ್ನ ಓದಿ ಏನ್ ಮಾಡ್ತದರಿ ಕೂಸು?” ಡಾಕ್ಟರು, ಇಂಜಿನಿಯರು ಬಿಟ್ಟರೆ ಮೂರನೆಯದು ನಮ್ಮ ಪಟ್ಟಿಯಲ್ಲೇ ಇಲ್ಲ. ಮೂರು ಭಾಷೆ ಬಲ್ಲ ಮಗುವಿಗೆ ಅದೇ ಒಂದು ಅರ್ಹತೆ ಎಂದು ಯಾವ ಕಾಲೇಜೂ ಹೇಳಿದ್ದನ್ನು ನಾನು ಕೇಳಿಲ್ಲ.

ಹುಡುಗಿ ಈಗ ಎರಡನೇ ವರ್ಷದಲ್ಲಿದ್ದಾಳೆ. ಮನೋವೈದ್ಯರು ಕೊಟ್ಟ ಮಾತ್ರೆ ನಡೆದಿದೆ, ಊಟ ಮಾಡುತ್ತಾಳೆ, ಭೌತಶಾಸ್ತ್ರ ಇನ್ನೂ ಕಷ್ಟವೇ. ವೈದ್ಯರ ಕೋಣೆಗೆ ಪ್ರತಿ ಸಲವೂ ಜೊತೆಗೆ ಹೋಗಿ ಮಾತು ದಾಟಿಸುತ್ತಿದ್ದ ಆ ನರ್ಸಿಗೆ ಕಳೆದ ತಿಂಗಳು ಬೇರೆ ಜಿಲ್ಲೆಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ಲಂಬಾಣಿ ಬಾರದು. ಹಾಗಾಗಿ ಈಗ ರಾತ್ರಿ ಒಂಬತ್ತಕ್ಕೆ, ಡ್ಯೂಟಿ ಮುಗಿದ ಮೇಲೆ, ಅವರೇ ಹುಡುಗಿಗೆ ಫೋನ್ ಮಾಡುತ್ತಾರೆ.