ಓವರಾಯ್ಲಿಂಗ್

ನನ್ನ ಸೈಕಲ್ಲು ಕಟಕ್ ಅನ್ನತೊಡಗಿದ್ದು ಹೋದ ವರ್ಷ ಮಹಾನವಮಿಯ ಹಿಂದುಮುಂದಿನ ದಿನಗಳಲ್ಲಿ. ಬಲಗಡೆಯ ಪೆಡಲ್ಲು ಮೇಲೇರಿ ಇನ್ನೇನು ಇಳಿಯಬೇಕು ಅನ್ನುವಾಗ ಒಂದೇ ಒಂದು ಸಲ, ಯಾರೋ ಮರೆಯಲ್ಲಿ ಕೂತು ಅಡಕೊತ್ತಿನಿಂದ ಅಡಿಕೆ ಹೋಳು ಮಾಡಿದ ಹಾಗೆ. ಮುದ್ದೇಬಿಹಾಳದಿಂದ ತಂಗಡಗಿಯ ಕಡೆ ಬೆಳಗಿನ ಜಾವ ಹೋಗುವುದು ನನ್ನ ಹಳೆಯ ಚಟ. ನೀಲಮ್ಮನ ಗುಡಿಯ ಹತ್ತಿರ ಸೈಕಲ್ಲು ಒರಗಿಸಿ, ಹೊಳೆಯ ಆಚೆ ದಂಡೆಯಲ್ಲಿ ಕೂಡಲಸಂಗಮ ಮಂಜಿನಿಂದ ನಿಧಾನವಾಗಿ ಹೊರಬರುವುದನ್ನು ನೋಡಿ, ಹೊಟ್ಟೆ ನೆನಪಾದಾಗ ಮರಳುತ್ತೇನೆ. ಆ ದಾರಿಯ ಮೌನದಲ್ಲಿ ಕಟಕ್ ಸದ್ದು ಮುಚ್ಚಿಡುವ ಹಾಗಿರಲಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದ ಹುಡುಗನೊಬ್ಬ ಕವಣೆ ಕೆಳಗಿಳಿಸಿ ನನ್ನತ್ತ ನೋಡಿದ.

ಬೆಂಗಳೂರಿನ ಮಗನಿಗೆ ಹೇಳಿದ್ದೇ ತಪ್ಪಾಯಿತು. "ಅಪ್ಪಾ, ಅದನ್ನ ಬಿಟ್ಟು ಬಿಡು. ಸೈಕಲ್ ಮ್ಯಾಲಿನ ಟ್ಯಾಕ್ಸ್ ಹನ್ನೆರಡರಿಂದ ಐದಕ್ಕ ಇಳದೈತಿ. ಹೊಸಾದ್ದು ಕಳಸ್ತೀನಿ" ಅಂದ. ತೆರಿಗೆ ಇಳಿದದ್ದು ಖರೆ; 2025ರ ಸೆಪ್ಟೆಂಬರ್ 22ರಿಂದ. ಸರಕಾರವೇ ನನ್ನ ಸೈಕಲ್ಲಿನ ವಿರುದ್ಧ ಸಾಕ್ಷಿ ಹೇಳಲು ಬಂದ ಹಾಗಾಯಿತು. ಮಗ ಅಷ್ಟಕ್ಕೆ ಬಿಡಲಿಲ್ಲ. ರಿಪೇರಿಗೆ ಹಾಕುವ ರೊಕ್ಕ ಆ ವಸ್ತುವಿನ ಕಿಮ್ಮತ್ತಿಗಿಂತ ಹೆಚ್ಚಾದರೆ ಅದನ್ನು ಕೈಬಿಡಬೇಕು, ಇದು ಎಲ್ಲ ಕಂಪನಿಗಳೂ ಒಪ್ಪಿಕೊಂಡ ಲೆಕ್ಕ ಅಂದ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವನು ನಾನು. ಈ ಸೂತ್ರವನ್ನು ಮನೆಯ ಎಲ್ಲ ವಸ್ತುಗಳಿಗೂ ಹಚ್ಚುತ್ತ ಹೋದರೆ ಒಬ್ಬ ನಿವೃತ್ತ ಮಾಸ್ತರನನ್ನು ದವಾಖಾನೆಗೆ ಒಯ್ಯುವುದು ಕಷ್ಟವಾದೀತು ಎಂದು ಹೊಳೆಯಿತು. ಹೇಳಲಿಲ್ಲ.

ಇದು ಸಾದಾ ಸೈಕಲ್ಲಲ್ಲ, ರೇಸಿನದು. ನಮ್ಮ ಬಿಜಾಪುರ ಸೀಮೆಗೆ ಸೈಕಲ್ಲಿನ ಹುಚ್ಚು ಯಾವ ದೇವರು ಹಿಡಿಸಿದನೋ! ಜಾತ್ರೆ ಎಂದರೆ ತೇರು, ಸಂಗ್ರಾಣಿ ಕಲ್ಲು, ಎತ್ತಿನ ಬಂಡಿಯ ಸ್ಪರ್ಧೆ, ಜೊತೆಗೆ ಸೈಕಲ್ ರೇಸು. ಈ ಬಿಸಿಲಿನಲ್ಲಿ ತುಳಿದು ತುಳಿದು ರಾಷ್ಟ್ರಮಟ್ಟಕ್ಕೆ ಹೋದವರು, ಕ್ರೀಡಾ ಕೋಟಾದಲ್ಲಿ ರೈಲ್ವೆ ಸೇರಿದವರು ವಿಜಯಪುರ-ಬಾಗಲಕೋಟೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮುದ್ದೇಬಿಹಾಳಕ್ಕೆ ಇನ್ನೂ ರೈಲು ಬಂದಿಲ್ಲ, ಹುಡುಗರು ಮಾತ್ರ ಸೈಕಲ್ಲು ತುಳಿದು ರೈಲ್ವೆ ಸೇರುವ ಕನಸು ಕಂಡರು. 1985ರಲ್ಲಿ ಅಂಥವನೊಬ್ಬ ಬಿಜಾಪುರದ ಹುಡುಗ ತನಗೆ ಒಳ್ಳೆಯ ಸೈಕಲ್ಲು ಸಿಕ್ಕಿತೆಂದು ಇದನ್ನು ನನಗೆ 650 ರೂಪಾಯಿಗೆ ಕೊಟ್ಟ, ಮೂರು ಕಂತಿನಲ್ಲಿ. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್ಲು, ಹಿಂದೆ ಐದು ಗೇರು. ಐದರಲ್ಲಿ ಎರಡು ಮಾತ್ರ ಮಾತು ಕೇಳುತ್ತಿದ್ದವು. ಮಡಗಾರ್ಡು, ಕ್ಯಾರಿಯರ್ರು, ಸ್ಟ್ಯಾಂಡು ಯಾವುದೂ ಇಲ್ಲ. ನಮ್ಮ ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಉಳದದ್ದು ನಾಳೆ ಕೊಡತಾನೇನ?" ಎಂದು ಕೇಳಿದ್ದ.

ಅದೇ ವರ್ಷ ಕಾರಹುಣ್ಣಿಮೆಗೆ ಊರ ಹುಡುಗರೆಲ್ಲ ಕೂಡಿ ರೇಸು ಇಟ್ಟರು: ತಾಳಿಕೋಟೆಗೆ ಹೋಗಿ ಬರುವುದು. 1565ರ ಯುದ್ಧದಿಂದ ಇತಿಹಾಸದ ಪುಸ್ತಕ ಸೇರಿದ ಊರು ಅದು. ನನ್ನ ಪತನಕ್ಕೂ ಅದೇ ಊರು ಗೊತ್ತಾಯಿತು. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತಿತ್ತು. ತಾಳಿಕೋಟೆ ನಮಗೆ ಈಶಾನ್ಯಕ್ಕೆ. ಹೋಗುವಾಗ ಬೆನ್ನಿಗೆ ಗಾಳಿ, ಹನ್ನೊಂದು ಮಂದಿಯೂ ಚಾಂಪಿಯನ್ನರೇ. ನಾನಂತೂ ಎಲ್ಲರಿಗಿಂತ ಮುಂದೆ, ರೈಲ್ವೆಯವರು ಯಾವ ಊರಿಗೆ ಹಾಕಬಹುದು, ಸೊಲ್ಲಾಪುರವಾದರೆ ಹೇಗೆ, ಎಂದು ಯೋಚಿಸುತ್ತ ತುಳಿಯುತ್ತಿದ್ದೆ. ತಾಳಿಕೋಟೆಯಲ್ಲಿ ತಿರುಗಿದ ಕೂಡಲೇ ಆ ಗಾಳಿ ಎದೆಗೆ ಕೈಯಿಟ್ಟು ನಿಲ್ಲಿಸಿತು. ಒಂಬತ್ತನೆಯವನಾಗಿ ಊರು ಸೇರಿದೆ, ಉಳಿದಿಬ್ಬರು ಬಿದ್ದಿದ್ದರು. ಬಹುಮಾನದ ಹಿತ್ತಾಳೆ ಕೊಡ ಬೇರೆ ಮನೆಗೆ ಹೋಯಿತು. ನಾನು ಬಿ.ಎಡ್.ಗೆ ಅರ್ಜಿ ಹಾಕಿದೆ. ಸೈಕಲ್ಲು ನನ್ನ ಜೊತೆ ಶಾಲೆಗೆ ಬರತೊಡಗಿತು. ಅದರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ.

ಈಗ ಅದರಲ್ಲಿ ಮೂಲದ್ದು ಎಷ್ಟು ಉಳಿದಿದೆ ಎಂದು ಒಂದು ಸಂಜೆ ಅಂಗಳದಲ್ಲಿ ಪಟ್ಟಿ ಮಾಡಿದೆ. ನಮ್ಮ ಕಡೆಯ ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಸೀಳುತ್ತದೆ. ಅದರ ಮೇಲಿನ ಡಾಂಬರು ಎರಡೇ ವರ್ಷದಲ್ಲಿ ಒಂಟೆಯ ಬೆನ್ನಾಗುತ್ತದೆ. ಆದ್ದರಿಂದ ರಿಮ್ಮು ಮೂರು ಸಲ ಬದಲಾಗಿದೆ, ಸ್ಪೋಕ್ಸಿಗೆ ಲೆಕ್ಕವಿಲ್ಲ. ಸೀಟು ನಾಲ್ಕನೆಯದು. ಗೇರಿನ ವೈಯರು, ಬ್ರೇಕಿನ ರಬ್ಬರು, ಪೆಡಲ್ಲು, ಫ್ರೀವೀಲು ಯಾವುದೂ 1985ರದಲ್ಲ. ಉಳಿದದ್ದು ಕಬ್ಬಿಣದ ಫ್ರೇಮು, ಆ ಕೊಂಬು ಮತ್ತು ನಾನು. ನಮ್ಮಾಕೆ ಒಳಗಿನಿಂದ ಬಂದು ಪಟ್ಟಿ ಓದಿದಳು. ನಮ್ಮ ಅವ್ವ ಹೊಲಿದ ಕೌದಿಯೊಂದು ಮನೆಯಲ್ಲಿದೆ. ಅವ್ವ ತನ್ನ ಅತ್ತೆಯ ಸೀರೆಯಿಂದ ಹೊಲಿಯಲು ಹಿಡಿದದ್ದು. ಹರಿದಲ್ಲೆಲ್ಲ ಅವಳ ಸೀರೆ, ಆಮೇಲೆ ನಮ್ಮಾಕೆಯ ಸೀರೆ ಬಂದು ಕೂತಿವೆ. ಅತ್ತೆಯ ಸೀರೆ ಈಗ ಅದರಲ್ಲಿ ಬೆರಳಗಲವೂ ಇರಲಿಕ್ಕಿಲ್ಲ. ಆದರೂ ನಾವು ಅದನ್ನು ಅಜ್ಜಿಯ ಕೌದಿ ಎಂದೇ ಕರೆಯುತ್ತೇವೆ. "ಇದನ್ನೂ ಹಂಗ ಹೊಲಸ್ರಿ" ಅಂದಳು ನಮ್ಮಾಕೆ, "ಆದ್ರ ನಡಮನಿಯೊಳಗ ನಿಲ್ಲಸಬ್ಯಾಡ್ರಿ."

ಹೊಲಿಯುವವರು ಬಜಾರಿನ ಚಾಚಾ. ಬೇವಿನ ಗಿಡದ ಕೆಳಗೆ ತಗಡಿನ ಅಂಗಡಿ. ಒಂದು ಕಾಲಕ್ಕೆ ತಾಸಿನ ಬಾಡಿಗೆಗೆ ಕೊಡುವ ಹನ್ನೆರಡು ಸೈಕಲ್ಲು ಅವರಲ್ಲಿದ್ದವು. ಊರಿನ ಅರ್ಧ ಮಂದಿ ಅವುಗಳ ಮೇಲೆ ಕತ್ತರಿಗಾಲು ಹಾಕಿ ಕಲಿತು ಮೊಣಕಾಲು ಕೆತ್ತಿಸಿಕೊಂಡವರು. ಗೋಡೆಗೆ ಇನ್ನೂ ಅಟ್ಲಾಸಿನ ತಗಡಿನ ಫಲಕವಿದೆ, ಭೂಗೋಳ ಹೊತ್ತ ಮನುಷ್ಯನದು. 1951ರಲ್ಲಿ ಸೋನಿಪತ್ತಿನಲ್ಲಿ ಹುಟ್ಟಿದ ಆ ಕಂಪನಿ 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ತನ್ನ ಕಡೆಯ ಕಾರ್ಖಾನೆಯನ್ನು ನಿಲ್ಲಿಸಿತು. ಆ ಸುದ್ದಿ ಓದಿ ಹೇಳಿದಾಗ ಚಾಚಾ ಫಲಕದ ಕಡೆ ನೋಡಿ, "ಆ ಮನಶಾ ಇನ್ನಾದ್ರೂ ಭೂಮಿ ಕೆಳಗಿಟ್ಟು ಬೆನ್ನ ಸೀದಾ ಮಾಡಲಿ ಬಿಡ್ರಿ" ಅಂದಿದ್ದರು.

ಅವರ ಅಂಗಡಿಯ ದೊಡ್ಡ ಕೆಲಸವೆಂದರೆ ಓವರಾಯ್ಲಿಂಗ್. ಇಂಗ್ಲಿಷಿನ ಓವರ್‌ಹಾಲಿಂಗು ನಮ್ಮ ಬಜಾರಿಗೆ ಬಂದು ಎಣ್ಣೆ ಕುಡಿದು ಈ ರೂಪ ಪಡೆದಿದೆ. ಮೂಲಕ್ಕಿಂತ ಇದೇ ಹೆಚ್ಚು ಅರ್ಥವತ್ತಾದದ್ದು ಎಂದು ನನ್ನ ಅಭಿಪ್ರಾಯ. ಚಾಚಾ ಫ್ರೇಮಿನ ಕೀಲು ಕೀಲಿಗೂ ಪಾನದಿಂದ ತಟ್ಟಿ ಕಿವಿಗೊಟ್ಟರು. ಬಿರುಕಿದ್ದರೆ ಕಬ್ಬಿಣ ಒಡಕು ದನಿಯಲ್ಲಿ ಹೇಳುತ್ತದಂತೆ. ಅದು ಗುಡಿಯ ಗಂಟೆಯ ತಮ್ಮನ ಹಾಗೆ ಉಲಿಯಿತು. ಆಮೇಲೆ ನನ್ನಿಂದಲೇ ಒಂದಡಿ ಪಟ್ಟಿ ಇಸಿದುಕೊಂಡು ಚೈನಿನ ಮೇಲಿಟ್ಟರು. ಚೈನಿನ ಒಂದು ಕೊಂಡಿಗೆ ಅರ್ಧ ಇಂಚು, ಇಪ್ಪತ್ತನಾಲ್ಕಕ್ಕೆ ಸರಿಯಾಗಿ ಹನ್ನೆರಡು. ಪಿನ್ನುಗಳು ಸವೆದ ಹಾಗೆ ಸಂದು ದೊಡ್ಡದಾಗಿ ಅದೇ ಇಪ್ಪತ್ತನಾಲ್ಕು ಕೊಂಡಿ ಪಟ್ಟಿಯನ್ನು ದಾಟುತ್ತವೆ. ಇಂಚಿನ ಎಂಟನೆಯ ಒಂದು ಪಾಲು ದಾಟಿದರೆ ಚೈನಷ್ಟೇ ಅಲ್ಲ, ಅದು ಕೂರುವ ಹಲ್ಲುಗಳೂ ಹೋದವು ಎಂದೇ ತಿಳಿಯಬೇಕು. ನನ್ನದು ಅದನ್ನೂ ದಾಟಿತ್ತು. "ಹಳೇ ಹಲ್ಲಿಗೆ ಹೊಸಾ ಚೈನ ಹಾಕಿದ್ರ ಜಿಗೀತೈತ್ರಿ ಸರ. ಹಳೇ ಮಾಸ್ತರಗೋಳ ಶಾಲಿಗೆ ಹುಡುಗ ಹೆಡ್‌ಮಾಸ್ತರ ಬಂದಂಗ." ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಲೆಕ್ಕ ಬರೆಸಿದರು: 6,350 ರೂಪಾಯಿ. ಕೊಂಡ ಬೆಲೆಗೆ ಹತ್ತಿರ ಹತ್ತಿರ ಹತ್ತು ಪಟ್ಟು. ಮಗನ ಸೂತ್ರ ನೆನಪಾಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದೆ.

ಅದೇ ವಾರ ಹುಬ್ಬಳ್ಳಿಯಿಂದ ಅಳಿಯ, ನಮ್ಮ ತಂಗಿಯ ಮಗ, ಕಾರಿನ ಬೆನ್ನಿಗೆ ಕಟ್ಟಿಕೊಂಡು ತನ್ನ ಕಾರ್ಬನ್ ಸೈಕಲ್ಲು ತಂದ. ನನ್ನ ಮನಸ್ಸು ತಿರುಗಿಸಲು ಮಗನೇ ಕಳಿಸಿದ್ದು ಎಂದು ನನ್ನ ಗುಮಾನಿ. ಅದನ್ನು ಚಾಚಾನ ಅಂಗಡಿಗೆ ಒಯ್ದೆವು. ಅವರು ಎರಡು ಬೆರಳಲ್ಲಿ ಎತ್ತಿ ಬೆಚ್ಚಿದರು. ಅಂತರರಾಷ್ಟ್ರೀಯ ರೇಸುಗಳಲ್ಲಿ ಸೈಕಲ್ಲು 6.8 ಕಿಲೋಗಿಂತ ಹಗುರ ಇರಕೂಡದೆಂಬ ನಿಯಮವಿದೆ, ಇಲ್ಲದಿದ್ದರೆ ಇನ್ನೂ ಇಳಿಸುತ್ತಾರೆ ಎಂದು ಅಳಿಯ ವಿವರಿಸಿದ. ಚಾಚಾ ಪಾನ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬೇರೆಯವರ ಮನೆಯ ಕೂಸನ್ನು ನೋಡುವ ಹಾಗೆ, ಮುಟ್ಟದೆ ನೋಡಿದರು. "ಮುರದ್ರ ಬೆಸಿಗಿ ಹಾಕಾಕ ಬರಂಗಿಲ್ಲೇನ್ರಿ?" ಬರುವುದಿಲ್ಲ. "ಸ್ಟ್ಯಾಂಡ್?" ಇಲ್ಲ. ಚಾಚಾ ನನ್ನತ್ತ ತಿರುಗಿದರು: "ಹಂಗಾರ ಇದನ್ನ ನಿಲ್ಲಸಬೇಕಂದ್ರ ಬಾಜೂಕ ಒಬ್ಬ ಮನಶಾ ಬೇಕ ಬೇಕ್ರಿ." ನನ್ನ ಸೈಕಲ್ಲಿಗೂ ಸ್ಟ್ಯಾಂಡಿಲ್ಲ ಎಂಬುದನ್ನು ನಾನು ಜ್ಞಾಪಿಸಲಿಲ್ಲ.

ಓವರಾಯ್ಲಿಂಗಿಗೆ ಕೊಟ್ಟೆ. ಎರಡು ಪೆಡಲ್ಲುಗಳ ನಡುವಿನ ಬಿ.ಬಿ. ಆಕ್ಸಲ್ ಬಿಚ್ಚುವ ದಿನ ನಾನೂ ಸ್ಟೂಲು ಎಳೆದುಕೊಂಡು ಕೂತೆ. ಚಿಮಣಿ ಎಣ್ಣೆ ಈಗ ಸಿಗುವುದಿಲ್ಲ. ಜರ್ಮನ್ ತಾಟಿನಲ್ಲಿ ಡೀಸೆಲ್ಲು ಸುರಿದು ಕಪ್ಪು, ಆಕ್ಸಲ್ಲು, ಬಾಲ್ಸುಗಳನ್ನು ನೆನೆಹಾಕಿದರು. ಕಪ್ಪಗಿನ ಮಡ್ಡಿ ಕರಗಿ ತಳದಲ್ಲಿ ಕೂತ ಮೇಲೆ ಬಾಲ್ಸು ಒಂದೊಂದಾಗಿ ಕಣ್ಣು ಬಿಟ್ಟವು. ಕಾಲಿಂಚಿನವು, ಒಂದೊಂದು ಕಪ್ಪಿಗೆ ಹನ್ನೊಂದು, ಒಟ್ಟು ಇಪ್ಪತ್ತೆರಡು. ಚಾಚಾ ಕಪ್ಪಿನ ಅಂಚಿಗೆ ಹೆಬ್ಬೆರಳಿನಿಂದ ಗ್ರೀಸು ಮೆತ್ತಿ, ಹೊಸ ಬಾಲ್ಸುಗಳನ್ನು ಬೆರಳ ತುದಿಯಿಂದ ಅದಕ್ಕೆ ಒತ್ತುತ್ತ ಹೋದರು. ಹತ್ತನೆಯದರ ಹತ್ತಿರ ಬೆರಳು ತಡೆಯಿತು. "ಎಣಿಸಿ ಹೇಳ್ರಿ ಸರ. ಕಣ್ಣಾಗ ಪೊರಿ ಬಂದೈತಿ. ಬೆಳ್ಳಗಿದ್ದದ್ದೆಲ್ಲಾ ಒಂದ ಆಗಿ ಕಾಣತೈತಿ." ಎಣಿಸಿದೆ. ಹತ್ತಿದ್ದವು. ಹನ್ನೊಂದನೆಯದು ತಾಟಿನ ಅಂಚಿನಲ್ಲಿತ್ತು, ನಾನೇ ಎತ್ತಿ ಕೊಟ್ಟೆ. ಅವರ ಅಂಗೈ ಅದನ್ನು ಹುಡುಕಲು ಒಂದು ಕ್ಷಣ ಗಾಳಿಯಲ್ಲಿ ನಿಂತಿತು.

ಪಕ್ಕದಲ್ಲೇ ಮೊಬೈಲ್ ಅಂಗಡಿ ಇಟ್ಟಿರುವ ಅವರ ಮೊಮ್ಮಗ ಚಹಾ ತಂದಾಗ ಮೆಲ್ಲಗೆ ಹೇಳಿದ: "ಸರ್ರಿ, ಮನ್ಯಾಗ ಎಲ್ಲಾರೂ ಅಂಗಡಿ ಬಂದ್ ಮಾಡು ಅಂತೀವಿ. ಮಾಸ್ತರ್ರ ಸೈಕಲ್ ಇರೂತನ ಹೆಂಗ್ ಬಂದ್ ಮಾಡ್ಲಿ, ಅವರೆಲ್ಲಿ ಹೋಗಬೇಕು ಅಂತಾನ." ನನಗೆ ಚಹಾ ಗಂಟಲಲ್ಲೇ ನಿಂತಿತು. ಯಾಕೆಂದರೆ ನಾನು ಮನೆಯಲ್ಲಿ ನಮ್ಮಾಕೆಗೆ ಹೇಳುತ್ತ ಬಂದದ್ದು, ಸೈಕಲ್ಲು ಬಿಟ್ಟರೆ ಪಾಪ ಚಾಚಾನ ಕೈಗೆ ಕೆಲಸವೇನು ಅಂತ. ಇಬ್ಬರು ಮುದುಕರು ಬಸ್ಸಿನ ಬಾಗಿಲಲ್ಲಿ ನೀವು ಹತ್ತಿರಿ, ನೀವು ಹತ್ತಿರಿ ಎಂದು ಮರ್ಯಾದೆ ಮಾಡುತ್ತ ನಿಂತ ಹಾಗೆ.

ಎಲ್ಲ ಹೊಸದಾಯಿತು. ಸಂಭ್ರಮದಿಂದ ಹತ್ತಿ ಬಜಾರಿನಲ್ಲಿ ಒಂದು ಸುತ್ತು ಹಾಕಿದೆ. ಕಟಕ್.

ಚಾಚಾನ ಮುಖ ಕಪ್ಪಿಟ್ಟಿತು. ಮತ್ತೆ ಬಿಚ್ಚಿದರು, ಕಾಟರ್ ಪಿನ್ನು ಬದಲಿಸಿದರು, ಪೆಡಲ್ಲು ತಿರುವಿದರು. ಹತ್ತಿದೆ. ಕಟಕ್. ಮೂರನೆಯ ದಿನ ಮೊಮ್ಮಗನಿಗೆ ತುಳಿಯಲು ಹೇಳಿದರು. ಹುಡುಗ ಕಂಬದ ತನಕ ಹೋಗಿ ಬಂದ; ಬೆಕ್ಕು ನಡೆದ ಹಾಗೆ, ಸದ್ದೇ ಇಲ್ಲ. ಚಾಚಾ ನನ್ನನ್ನು ಹತ್ತಿಸಿ, ಒಂದು ಕೈಯಲ್ಲಿ ಸೀಟು ಹಿಡಿದು ಜೊತೆಗೇ ನಡೆಯುತ್ತ, ಫ್ರೇಮಿಗೆ ಕಿವಿಗೊಟ್ಟರು. ನಾಲ್ಕು ಹೆಜ್ಜೆಗೆ ನಿಂತು, ಇನ್ನೊಂದು ಕೈಯನ್ನು ನನ್ನ ಬಲ ಮೊಣಕಾಲಿನ ಮೇಲಿಟ್ಟರು. "ಇನ್ನೊಮ್ಮೆ ತುಳೀರಿ." ತುಳಿದೆ. ಕಟಕ್. ಬಹಳ ಹೊತ್ತು ಏನೂ ಹೇಳದೆ, ಕಡೆಗೆ, ಕೆಟ್ಟ ಸುದ್ದಿ ಮುಟ್ಟಿಸುವ ತಂತಿ ಪೋಸ್ಟಿನವನ ದನಿಯಲ್ಲಿ ಅಂದರು: "ಸೈಕಲ್ ಸುದ್ಧ ಐತ್ರಿ ಸರ."

ವಿಜಯಪುರದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಸಂದು ಸವೆದಿದೆ, ಒಂದಲ್ಲ ಒಂದು ದಿನ ಬದಲಿಸಬೇಕಾದೀತು ಅಂದರು. ಸದ್ಯಕ್ಕೆ ವ್ಯಾಯಾಮ ಮಾಡುತ್ತ ಹೀಗೆಯೇ ನಡೆಸಬಹುದಂತೆ, ಸೈಕಲ್ಲು ಒಳ್ಳೆಯದೇ ಅಂತೆ. ಬೆಂಗಳೂರಿಗೆ ಫೋನು ಮಾಡಿದೆ. ಮಗ ಈ ಸಲ ಯಾವ ಸೂತ್ರವನ್ನೂ ಹೇಳಲಿಲ್ಲ. ಸ್ವಲ್ಪ ಸುಮ್ಮನಿದ್ದು, "ಅವಸರ ಮಾಡಬ್ಯಾಡ ಅಪ್ಪಾ. ಒರಿಜಿನಲ್ ನಡಿಯೂತನ ಒರಿಜಿನಲ್ಲೇ ಚೊಲೊ" ಅಂದ. ಹೊಸ ಮೊಣಕಾಲಿಗೆ ತೆರಿಗೆ ಎಷ್ಟು ಎಂದು ಕೇಳಬೇಕೆನಿಸಿತು. ಅವನ ದನಿ ಸಣ್ಣದಾಗಿತ್ತು, ಬಿಟ್ಟೆ.

ಚಾಚಾ ನನ್ನ ಮೊಣಕಾಲಿಗಾಗಿ ಸೈಕಲ್ಲನ್ನು ಇನ್ನೊಂದಿಷ್ಟು ತಿದ್ದಿದರು. ಹಿಂದೆ ಹೆಚ್ಚು ಹಲ್ಲಿನ ಫ್ರೀವೀಲು ಹಾಕಿದರು, ತುಳಿಯಲು ಹಗುರಾಗಲಿ ಎಂದು. ಟೂರ್ ಡಿ ಫ್ರಾನ್ಸ್ ಹುಟ್ಟುಹಾಕಿದ ಹೆನ್ರಿ ದೆಗ್ರಾಂಜ್ ಎಂಬಾತ ಗೇರು ಬೇಕಾದದ್ದು 45 ದಾಟಿದವರಿಗೆ ಎಂದು ಹಂಗಿಸುತ್ತಿದ್ದ. ಆ ರೇಸಿನಲ್ಲಿ ಗೇರು ಬದಲಿಸುವ ಡಿರೇಲರಿಗೆ ಅಪ್ಪಣೆ ಸಿಕ್ಕಿದ್ದೇ 1937ರಲ್ಲಿ. ನಾನು ಆ ಗೆರೆ ದಾಟಿಯೇ ಹದಿನೈದು ವರ್ಷದ ಮೇಲಾಯಿತು, ಹಾಗಾಗಿ ಮುಜುಗರವೇನಿಲ್ಲ. ಮುಜುಗರವಾದದ್ದು ಹ್ಯಾಂಡಲ್ಲಿನದು. ಬಗ್ಗಿ ಹಿಡಿಯಲು ಬೆನ್ನು ಒಪ್ಪುತ್ತಿರಲಿಲ್ಲ. ಚಾಚಾ ಅದನ್ನು ಸಡಿಲಿಸಿ ಮೇಲುಮುಖ ಮಾಡಿ ಬಿಗಿದರು. ನಲವತ್ತು ವರ್ಷ ನೆಲ ನೋಡುತ್ತಿದ್ದ ಟಗರಿನ ಕೊಂಬು ಈಗ ಎತ್ತಿನ ಕೊಂಬಾಗಿ ಆಕಾಶಕ್ಕೆ ನಿಂತಿದೆ. ಸೆಟೆದು ಕೂತು ಸವಾರಿ ಮಾಡುವ ನನ್ನನ್ನು ಕಂಡು ಹಕ್ಕಿ ಕಾಯುವ ಹುಡುಗ ಈಗ ನಮಸ್ಕಾರ ಮಾಡುತ್ತಾನೆ.

ಹೊಳೆಯಿಂದ ಮರಳುವಾಗ ಬಜಾರಿನ ಮೇಲೆ ಹಾದು ಬರುತ್ತೇನೆ. ಮೊನ್ನೆ ಚಾಚಾ ಬೆನ್ನು ತಿರುಗಿಸಿ, ಯಾವುದೋ ಕೂಸಿನ ಮೂರು ಗಾಲಿಯ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದರು. ಕರೆಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೊಣಕಾಲು ತನ್ನ ಪಾಡಿಗೆ ಒಂದು ಸಲ ಕಟಕ್ ಅಂದಿತು. ಚಾಚಾ ತಲೆಯೆತ್ತಲಿಲ್ಲ. ಮೊಮ್ಮಗನ ಅಂಗಡಿಯ ಕಡೆ ಕೈಯಾಡಿಸಿ, "ತಮ್ಮಾ, ಎರಡು ಚಹಾ ಹೇಳು. ಸರ್ರು ಬಂದ್ರು" ಅಂದರು.