ಅಂಕಪಟ್ಟಿಯ ಜೊತೆಗೆ ಪಾಠಯೋಜನೆ

ಬಿ.ಎ. ಪದವಿಯಲ್ಲಿ ನನಗೆ ಬಂದದ್ದು ಶೇ. 51. ತಿಕೋಟಾ ಕಡೆ ಫೆಬ್ರುವರಿ ಬಂತೆಂದರೆ ದ್ರಾಕ್ಷಿ ಕಟಾವು. ಒಣದ್ರಾಕ್ಷಿ ಶೆಡ್ಡಿನ ಕೂಲಿಯಿಂದಲೇ ಮನೆ ನಡೆಯುತ್ತಿದ್ದುದರಿಂದ ಆ ದಿನಗಳಲ್ಲಿ ವಿಜಯಪುರದ ಕಾಲೇಜಿಗೆ ಹೋಗಲು ಆಗುತ್ತಿರಲಿಲ್ಲ. ಇಷ್ಟು ಅಂಕಗಳಿಂದ ರಂಗಭೂಮಿಯ ಉನ್ನತ ಶಿಕ್ಷಣಕ್ಕೆ ಅರ್ಜಿ ಹಾಕಬಹುದೇ?

ಉತ್ತರದ ದಾರಿ ಕಂಡದ್ದು ಬಬಲೇಶ್ವರದ ಅಭ್ಯಾಸ ಬೋಧನೆಯಲ್ಲಿ. ಸ್ಥಳೀಯ ಸರ್ಕಾರದ ಪಾಠವನ್ನು ಗ್ರಾಮಸಭೆಯಾಗಿ ಆಡಿಸಿದೆ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗಿ ಎದ್ದು ನಿಂತು, “ನಮ್ಮ ಓಣಿಗೆ ನೀರು ಯಾಕ ಬರವಲ್ದು?” ಎಂದು ಅಧ್ಯಕ್ಷನನ್ನು ಕೇಳಿದಳು. ಅಧ್ಯಕ್ಷನಾಗಿದ್ದ ಹುಡುಗ ಉತ್ತರಕ್ಕಾಗಿ ಪಠ್ಯಪುಸ್ತಕ ತೆರೆದ. ಪಾಠ ವೀಕ್ಷಿಸಿದ ಮೇಡಂ, “ಈ ಪಾಠಯೋಜನೆ ಜೋಪಾನ ಮಾಡ್ರಿ, ಅರ್ಜಿಗೆ ಬೇಕಾಗ್ತದ” ಎಂದರು.

ಅವರ ಮಾತು ನಿಜ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಪದವಿಯ ಜೊತೆಗೆ ನಾಟಕಗಳಲ್ಲಿ ದುಡಿದ ಅನುಭವವನ್ನೂ ಕೇಳುತ್ತದೆ. ಅಭಿನಯ ನೋಡಿ, ಕಾರ್ಯಾಗಾರ ನಡೆಸಿ ಆಯ್ಕೆ ಮಾಡುತ್ತದೆ. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ದುಡಿದ ಬಿ.ವಿ. ಕಾರಂತರು ಅಲ್ಲಿಯೇ ಕಲಿತು, 1977ರಲ್ಲಿ ಅದರ ನಿರ್ದೇಶಕರಾದರು. 1980ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವೂ ನಮ್ಮ ಭಾಷೆಯಲ್ಲೇ ಇದೆ.

ನಾನು ಎರಡೂ ಕಡೆಗೆ ಅರ್ಜಿ ಸಿದ್ಧಪಡಿಸಿದ್ದೇನೆ. ಊರ ಜಾತ್ರೆಯ ನಾಟಕಗಳು, ಕಾಲೇಜಿನ ಏಕಾಂಕ, ಬಬಲೇಶ್ವರದ ಪಾಠ: ಪ್ರತಿಯೊಂದರಲ್ಲೂ ನಾನು ಮಾಡಿದ ಕೆಲಸವನ್ನು ಒಂದೊಂದು ಸಾಲಿನಲ್ಲಿ ಬರೆದಿದ್ದೇನೆ. ಶೆಡ್ಡಿನ ದುಡಿಮೆಯನ್ನೂ ಬರೆದಿದ್ದೇನೆ. “ಮಾಸ್ತರ್ಕಿ ಬಿಟ್ಟು ನಾಟಕಾ ಆಡ್ತೀಯೇನೋ?” ಎಂದು ಅವ್ವ ಕೇಳುತ್ತಾಳೆ. ಆಯ್ಕೆಯಾದರೂ ಆಗದಿದ್ದರೂ ತರಗತಿಯನ್ನು ನಾನು ಬಿಡುವುದಿಲ್ಲ.

ಪ್ರಶಿಕ್ಷಣಾರ್ಥಿ ಮಿತ್ರರೇ, ನಿಮ್ಮ ಪಾಠಯೋಜನೆಗಳನ್ನು ರದ್ದಿಗೆ ಹಾಕಬೇಡಿ. ಅಂಕಪಟ್ಟಿ ಹೇಳದ್ದನ್ನು ಅವು ಹೇಳುತ್ತವೆ.